ಕೆಂಪು ಕಡ್ಡಿ ಇಳಿಯಲೇ ಇಲ್ಲ

ಅಕ್ಕನಿಗೆ ವಾಸನೆ ಗೊತ್ತಾಗುವುದಿಲ್ಲ. ಮೂಗಿದೆ, ನೆಟ್ಟಗಿನ ಮೂಗು, ಅಮ್ಮನ ಮೂಗು, ನನಗೆ ಬಾರದ ಮೂಗು, ಆದರೆ ಅದರೊಳಗೆ ಏನೂ ಇಲ್ಲ, ಚಿಕ್ಕವಳಿದ್ದಾಗ ಒಂದು ಜ್ವರ ಬಂತಂತೆ, ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಯಿತಂತೆ, ಆದ್ದರಿಂದ ಈ ಮನೆಯ ನಾತವೆಲ್ಲ ನನ್ನೊಬ್ಬಳ ಪಾಲು, ಈಗ ಬರುತ್ತಿರುವುದೂ — ಮೊಟ್ಟೆ ಕೊಳೆತ ಹಾಗೆ, ಅಲ್ಲ, ಒದ್ದೆ ಬಟ್ಟೆಯನ್ನು ಬಕೆಟ್ಟಿನಲ್ಲಿ ಮರೆತು ಮುಚ್ಚಳ ಹಾಕಿಟ್ಟ ಹಾಗೆ, ಅದೂ ಅಲ್ಲ, ಎರಡೂ ಸೇರಿ — ವಾರದಿಂದ ಇದೆ ಇದು, ಬಚ್ಚಲಿನ ಮೋರಿ ಅಂದುಕೊಂಡು ಫಿನಾಯಿಲ್ ಸುರಿದೆ, ಸಿಂಕು ಅಂದುಕೊಂಡು ಕುದಿಯುವ ನೀರು ಸುರಿದೆ, ಕೊನೆಗೆ ಅಕ್ಕನ ಕಸದ ಬುಟ್ಟಿಯೇ ಇರಬೇಕು ಅಂತ ಅದನ್ನು ಅವಳ ಕೋಣೆಯ ಬಾಗಿಲಿಗೆ ಅಡ್ಡ ಇಟ್ಟೆ, ಅವಳು ಅದನ್ನು ಕಾಲಿನಲ್ಲಿ ನನ್ನ ಬಾಗಿಲಿಗೆ ತಳ್ಳಿದಳು, ನಾನು ವಾಪಸ್ ತಳ್ಳಿದೆ, ಅಷ್ಟೇ ಈ ವಾರದ ನಮ್ಮ ಸಂಭಾಷಣೆ. ಈಗ ಹಜಾರದ ಕಿಟಕಿಯ ಕೆಳಗೆ ಮಂಡಿಯೂರಿದ್ದೇನೆ, ಅಮ್ಮನ ದೊಡ್ಡ ಆಂಥೂರಿಯಂ ಕುಂಡವನ್ನು ಬಾಗಿಲಿನ ಕಡೆಗೆ ತಿರುಗಿಸುತ್ತಿದ್ದೇನೆ, ನಾಲ್ಕು ಗಂಟೆಗೆ ಅಮ್ಮ ಬರುತ್ತಾಳೆ, ಬಂದವಳ ಕಣ್ಣಿಗೆ ಮೊದಲು ಕೆಂಪು ಹೂವೇ ಬೀಳಲಿ, ನೋಡಮ್ಮ ಅನ್ನಬೇಕಿಲ್ಲ, ಅವಳೇ ನೋಡಲಿ, ಅಕ್ಕ ನಕ್ಕಿದ್ದಳಲ್ಲ ಈ ಕುಂಡಗಳನ್ನು ನೋಡಿ, ಅವಳೂ ನೋಡಲಿ — ತಿರುಗಿಸಿದ ಕೂಡಲೇ ನಾತ ಎದ್ದು ಮುಖಕ್ಕೆ ಬಂತು, ಪಕ್ಕದಲ್ಲೇ ಯಾರೋ ಬಾಯಿ ತೆರೆದ ಹಾಗೆ. ಬಗ್ಗಿ ಮೂಸಿದೆ. ಮೋರಿಯಲ್ಲ. ಬುಟ್ಟಿಯಲ್ಲ. ಕುಂಡ.

ನನ್ನ ಕುಂಡ. ತಾನೇ ನೀರು ಕುಡಿಯುವ ಕುಂಡ ಅಂತ ಪೆಟ್ಟಿಗೆಯ ಮೇಲೆ ಬರೆದಿತ್ತು, ಹನ್ನೊಂದು ತರಿಸಿದ್ದೆ, ಬಿಳೀ ಪ್ಲಾಸ್ಟಿಕ್ಕು, ಒಳಗೊಂದು ಕುಂಡ ಹೊರಗೊಂದು ಕುಂಡ, ಅಡಿಯಲ್ಲಿ ಪುಟ್ಟ ತೊಟ್ಟಿ, ತೊಟ್ಟಿಯಿಂದ ಮಣ್ಣಿಗೆ ಒಂದು ದಪ್ಪ ಬತ್ತಿ, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಅದು ನೀರು ಎಳೆಯುತ್ತದೆ, ಬೇಕಾದಷ್ಟೇ ಎಳೆಯುತ್ತದೆ, ಪಕ್ಕದಲ್ಲಿ ನೀರು ತುಂಬುವ ಕಿಂಡಿ, ಕಿಂಡಿಯಲ್ಲಿ ತೇಲುವ ಕೆಂಪು ಕಡ್ಡಿ, ನೀರಿದ್ದರೆ ಕಡ್ಡಿ ಮೇಲೆ, ಮುಗಿದರೆ ಕಡ್ಡಿ ಕೆಳಗೆ, ಇಷ್ಟು ಸುಲಭ, ಇದಕ್ಕೆ ಪ್ರೀತಿ ಬೇಡ, ಮಾತು ಬೇಡ, ದಿನಾ ಬೆಳಿಗ್ಗೆ ಬೆರಳು ಮಣ್ಣಿಗೆ ಚುಚ್ಚಿ ಕಣ್ಣು ಮುಚ್ಚಿ ಏನೋ ಕೇಳಿಸಿಕೊಳ್ಳುವ ಅಮ್ಮನ ನಾಟಕ ಬೇಡ. ನಮ್ಮ ಶಾಲೆಯ ದಿನಗಳಲ್ಲಿ ಅವಳು ಮೊದಲು ಎಲೆಗಳನ್ನು ಒರೆಸುತ್ತಿದ್ದಳು, ಒಂದೊಂದೇ ಎಲೆ, ಒದ್ದೆ ಬಟ್ಟೆಯಲ್ಲಿ, ಮೇಲೆ ಕೆಳಗೆ, ಆಮೇಲೆ ನಮ್ಮ ತಲೆ ಬಾಚುತ್ತಿದ್ದಳು, ಅಷ್ಟರಲ್ಲಿ ಹೊತ್ತಾಗಿರುತ್ತಿತ್ತು, ಜಡೆ ಎಳೆದಾಗ ಕಣ್ಣಲ್ಲಿ ನೀರು ಬಂದರೆ ಅಳಬೇಡ ಎಲೆಗಳಿಗೂ ಕೇಳಿಸತ್ತೆ ಅನ್ನುತ್ತಿದ್ದಳು. ಬಾತ್‌ರೂಮಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಸ್ಟ್ರೆಚರಿನ ಮೇಲೆ ಹೋಗುವಾಗಲೂ ಅವಳು ನಮ್ಮಿಬ್ಬರ ಮುಖ ನೋಡಲಿಲ್ಲ, ಕಿಟಕಿಯ ಕಡೆ ನೋಡಿದಳು, ಗಿಡ ಅಂದಳು. ಆಸ್ಪತ್ರೆಯಲ್ಲಿ ಆಪರೇಷನ್, ಆಮೇಲೆ ನಡೆಯುವುದನ್ನು ಮತ್ತೆ ಕಲಿಸುವ ಫಿಸಿಯೋಥೆರಪಿ ಕೇಂದ್ರ, ತಿಂಗಳುಗಟ್ಟಲೆ. ಅವಳು ಹೋದ ಮೇಲಿನ ಮೊದಲ ರಜಾ ದಿನವೇ ನಾನು ಅವಳ ಹಳೇ ಮಣ್ಣಿನ ಕುಂಡಗಳನ್ನೆಲ್ಲ ಕೆಡವಿ ಗಿಡಗಳನ್ನು ಇವಕ್ಕೆ ಹಾಕಿದೆ, ಚೀಟಿಯಲ್ಲಿ ಬರೆದದ್ದನ್ನು ಸಾಲು ಬಿಡದೆ ಓದಿ, ಬೇರು ಕೆಳಗಿಳಿಯುವ ತನಕ ಮೇಲಿನಿಂದ ನೀರು, ಆಮೇಲೆ ಮೇಲಿನಿಂದ ಒಂದು ಹನಿಯೂ ಬೇಡ, ತೊಟ್ಟಿಗೆ ಮಾತ್ರ, ಕಡ್ಡಿ ಪೂರ್ತಿ ಇಳಿದ ಮೇಲೆ ಎರಡು ದಿನ ಖಾಲಿ ಬಿಟ್ಟು ಮತ್ತೆ ತುಂಬಿ. ನನಗೆ ಚೀಟಿ ಓದಲು ಬರುತ್ತದೆ. ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ದಿನವಿಡೀ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು ನಾನು, ಚೀಟಿಯಲ್ಲಿ ಬರೆದ ಕೋನ ಕೂದಲೆಳೆಯಷ್ಟು ತಪ್ಪಿದರೆ ಗಿರಾಕಿ ಮಾರನೇ ದಿನ ತಲೆ ಹಿಡಿದುಕೊಂಡು ಬರುತ್ತಾನೆ.

ಅಕ್ಕ ಕೆಲಸದಿಂದ ಬಂದವಳು ಚಪ್ಪಲಿ ಬಿಡದೆ ನಿಂತಳು, ಒಡೆದ ಮಣ್ಣಿನ ಕುಂಡಗಳ ರಾಶಿ ನೋಡಿದಳು, ಬಿಳೀ ಡಬ್ಬಗಳ ಸಾಲು ನೋಡಿದಳು. ಅಮ್ಮ ಇನ್ನೂ ಸತ್ತಿಲ್ಲ ಕಣೇ ಅಂದಳು. ಸತ್ತಳು ಅಂತ ನಾನೆಲ್ಲಿ ಹೇಳಿದೆ ಅಂದೆ. ಮತ್ತೆ ಅವಳ ಸಾಮಾನು ಯಾಕೆ ಹೊರಗೆ ಹಾಕ್ತಿದ್ದೀಯ, ಇದೇನಿದು, ಆಸ್ಪತ್ರೆ ಡಬ್ಬದ ಥರ, ಗಿಡಕ್ಕೂ ಬೆಡ್‌ಪ್ಯಾನ್ ಇಟ್ಟಿದ್ದೀಯಾ — ಅಂತ ನಕ್ಕಳು, ಆ ನಗು, ಒಂದೇ ಕಡೆಯ ಹಲ್ಲು ಕಾಣುವ ಹಾಗೆ. ದಿನಾ ಯಾರು ನೀರು ಹಾಕೋದು, ನೀನು ಹಾಕ್ತೀಯಾ ಅಂದೆ. ಹಾಕ್ತಿದ್ದೆ ಅಂದಳು. ನೀನು ನಿನ್ನ ಬಟ್ಟೆ ನೀರಿಗೆ ಹಾಕೋಕೇ ವಾರ ಮಾಡ್ತೀಯ ಅಂದೆ. ನೀನು ಹುಟ್ಟಿದಾಗಿಂದ ಇಷ್ಟೇ, ಎಲ್ಲದಕ್ಕೂ ಒಂದು ಮಷೀನು ಬೇಕು ನಿನಗೆ, ಅಮ್ಮನಿಗೂ ಒಂದು ತಂದು ಚುಚ್ಚು, ಅವಳೂ ತಾನೇ ಕುಡ್ಕೊಂಡು ಬಿದ್ದಿರಲಿ ಅಂದಳು. ಅದಕ್ಕೆ ನಾನು ಏನೋ ಅಂದೆ, ಅವಳ ಮೂಗಿನ ಬಗ್ಗೆ, ಅವಳನ್ನು ನೋಡಲು ಬಂದು ಹೋದ ಆ ಗಂಡಿನ ಬಗ್ಗೆ, ಅಂದದ್ದು ಸರಿಯಾಗಿಯೇ ಅಂದೆ, ಈಗಲೂ ಅನ್ನುತ್ತೇನೆ. ಅವತ್ತಿನಿಂದ ಮಾತು ಬಂದ್. ಕಷ್ಟವೇನಾಗಲಿಲ್ಲ. ನಾನು ಬೆಳಿಗ್ಗೆ ಹೊರಟು ಸಂಜೆ ಬರುತ್ತೇನೆ, ಅವಳು ಮಧ್ಯಾಹ್ನ ಹೊರಟು ನಾನು ಉಂಡು ಬಾಗಿಲು ಹಾಕಿಕೊಂಡ ಮೇಲೆ ಬರುತ್ತಾಳೆ, ಹಲ್ಲಿನ ಡಾಕ್ಟರ ಪಕ್ಕದಲ್ಲಿ ನಿಂತು ಜನರ ಬಾಯಿಯ ಎಂಜಲು ಹೀರುವ ನಳಿಕೆ ಹಿಡಿಯುವ ಕೆಲಸ, ವಾಸನೆ ಬಾರದಿರುವುದೇ ಅವಳಿಗಿರುವ ದೊಡ್ಡ ಅರ್ಹತೆ. ಪಾತ್ರೆಗಳು ಮಾತಾಡಿಕೊಂಡವು ನಮ್ಮ ಬದಲು. ಅವಳು ತಟ್ಟೆ ಕುಕ್ಕಿದರೆ ನಾನು ಲೋಟ ಕುಕ್ಕುತ್ತಿದ್ದೆ.

ಅಮ್ಮ ಮಾತ್ರ ಇಬ್ಬರಿಗೂ ಫೋನ್ ಮಾಡುತ್ತಿದ್ದಳು, ನನಗೆ ಊಟದ ಬಿಡುವಿನಲ್ಲಿ, ಅಂಗಡಿಯ ಹಿಂಬಾಗಿಲಲ್ಲಿ ಗಾಜಿನ ಪುಡಿ ಕೈಯಿಂದ ಒರೆಸಿಕೊಂಡು ಎತ್ತುತ್ತಿದ್ದೆ, ಗಿಡ ಹೇಗಿವೆ ಚಿಕ್ಕೋಳೇ ಅನ್ನುತ್ತಿದ್ದಳು, ನೀನು ಹೇಗಿದ್ದೀಯ ಅಂತ ಯಾವತ್ತಾದರೂ — ಬಿಡು. ಮೊದಲು ಕುಂಡ ಬದಲಾಯಿಸಿದ್ದಕ್ಕೆ ಗೊಳೋ ಅಂದಳು, ನನ್ನ ಗಿಡಗಳಮ್ಮಾ, ನನ್ನ ಕೈಯಾರೆ ಬೆಳೆಸಿದ್ದು, ಅಂತ, ಆಮೇಲೆ ಇದ್ದಕ್ಕಿದ್ದ ಹಾಗೆ ತಣ್ಣಗಾದಳು, ಅಲ್ವೇ, ನೀನು ಮಾಡಿದ್ದೇ ಸರಿ ಇರಬಹುದು ಕಣೇ, ನಿನಗೆ ಬುದ್ಧಿ ಇದೆ, ದೊಡ್ಡೋಳ ಕೈಗೆ ಮಾತ್ರ ಕೊಡಬೇಡ, ಅವಳ ಕೈ ಗಿಡಕ್ಕೆ ಆಗಲ್ಲ, ನಾನು ಹೀಗಂದೆ ಅಂತ ಅವಳಿಗೆ ಹೇಳಕ್ಕೆ ಹೋಗಬೇಡ, ಸುಮ್ಮನೆ ನೊಂದ್ಕೋತಾಳೆ. ಹೇಳಲಿಲ್ಲ. ಹೇಳುವುದಕ್ಕೆ ಮಾತೇ ಇರಲಿಲ್ಲವಲ್ಲ. ಆ ಮಾತನ್ನು ಬಾಯಲ್ಲಿಟ್ಟುಕೊಂಡು ದಿನಗಟ್ಟಲೆ ಚಪ್ಪರಿಸಿದೆ ಅಷ್ಟೇ, ನಿನಗೆ ಬುದ್ಧಿ ಇದೆ. ಮತ್ತು ಕಡ್ಡಿ ಇಳಿಯಲಿಲ್ಲ. ಸಂಜೆ ಬಂದ ಕೂಡಲೇ ಚೀಲ ಇಳಿಸದೆ ಕಿಂಡಿ ನೋಡುತ್ತಿದ್ದೆ, ಕೆಂಪು ಕಡ್ಡಿ ಹಾಗೆಯೇ ನಿಂತಿರುತ್ತಿತ್ತು, ತುದಿಯಲ್ಲಿ, ಒಂದು ವಾರ, ಎರಡು ವಾರ, ಏನು ಕುಂಡ ಮಾರಾಯ್ತಿ ಇದು, ಮಣ್ಣು ಮುಟ್ಟಿದರೆ ಮೇಲಿನವರೆಗೂ ತೇವ, ಬತ್ತಿ ಹೇಗೆ ಎಳೀತಿದೆ ನೋಡು, ತೊಟ್ಟಿ ತುಂಬಿದೆ, ಮಣ್ಣು ಒದ್ದೆಯಿದೆ, ಖರ್ಚೇ ಇಲ್ಲ. ಹೇಳಿದೆ ಅಮ್ಮನಿಗೆ, ತಿಂಗಳಾದರೂ ನೀರು ತುಂಬಿಲ್ಲ ಗೊತ್ತಾ, ಕಡ್ಡಿ ಒಂಚೂರೂ ಇಳಿದಿಲ್ಲ. ಅಮ್ಮ ಹೌದಾ ಅಂದಳು. ಅಂಗಡಿಯಲ್ಲೂ ಹೇಳಿದೆ, ಮಾಲೀಕನ ಹೆಂಡತಿ ತನಗೂ ಎರಡು ತರಿಸಿಕೊಡು ಅಂದಳು. ನೀರೇ ಕುಡಿಯದ ಗಿಡ ಬದುಕಿರುವುದು ಹೇಗೆ ಅಂತ, ಗಾಜಿನ ದಪ್ಪವನ್ನು ಬೆರಳಲ್ಲಿ ಅಳೆಯುವ ನನಗೆ, ಒಂದು ಸಲವೂ —

ಸೋಫಾದ ಹಿಂದೆ ನೆಲಕ್ಕೆ ಹಳೇ ಚಾದರ ಹಾಸಿ ಕೂತೆ, ಆಂಥೂರಿಯಂ ಬುಡಕ್ಕೆ ಕೈ ಹಾಕಿ ಎಳೆದೆ, ಎಳೆಯಬೇಕಾಗಲೇ ಇಲ್ಲ, ಬಂತು, ಮಣ್ಣನ್ನು ಬಿಟ್ಟು ಬರೀ ಗಿಡ ಬಂತು, ಬೇರು ಕಂದು ಬಣ್ಣಕ್ಕೆ ತಿರುಗಿ ಬೆಂದ ಹಾಗಿದೆ, ಒಂದನ್ನು ಎರಡು ಬೆರಳಲ್ಲಿ ಹಿಡಿದೆ, ಮೇಲಿನ ಸಿಪ್ಪೆ ಜಾರಿ ಕೈಗೆ ಬಂತು, ಒಳಗಿನ ದಾರ ಮಾತ್ರ ಉಳಿಯಿತು, ತೆಳ್ಳಗೆ, ಸೂಜಿಗೆ ಪೋಣಿಸುವ ದಾರದ ಹಾಗೆ. ಇನ್ನೊಂದು ಬೇರು. ಸಿಪ್ಪೆ, ದಾರ. ಒಳಕುಂಡ ಎತ್ತಿದರೆ ತೊಟ್ಟಿಯಿಂದ ಕಪ್ಪು ನೀರು ಚಾದರಕ್ಕೆ ಚೆಲ್ಲಿತು, ಹೆಚ್ಚಾದ ನೀರು ಹೊರಹೋಗುವ ತೂತಿಗೆ ನಾನೇ ರಬ್ಬರ್ ಬಿರಡೆ ಹಾಕಿದ್ದೆ, ನೆಲ ಕೊಳೆಯಾಗಬಾರದು ಅಂತ, ಮನೆಯೊಳಗಿಟ್ಟರೆ ಹಾಕಿ ಅಂತ ಚೀಟಿಯೇ ಹೇಳಿತ್ತು, ಮೇಲಿನಿಂದ ಯಾರೂ ಸುರಿಯದಿದ್ದರೆ ಆ ತೂತಿಗೆ ಕೆಲಸವೇನು. ಪಕ್ಕದ ಕ್ಯಾಲಥಿಯಾ, ನವಿಲುಗರಿಯಂಥ ಪಟ್ಟೆಯದು, ಎಳೆದೆ, ಬಂತು. ಪೀಸ್ ಲಿಲಿ, ಬಂತು. ಮಾನ್‌ಸ್ಟೆರಾ, ಅಮ್ಮನ ಪಟ್ಟದ ರಾಣಿ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದಾಗ ಮೇಲಧಿಕಾರಿಯ ಮೇಜಿನಿಂದ ಒಂದು ಗಿಣ್ಣು ಮುರಿದು ಕೈಚೀಲದಲ್ಲಿ ತಂದದ್ದಂತೆ, ನನಗಿಂತ ಹಳೆಯದು, ಎಲೆ ನನ್ನ ಎದೆಯಗಲ, ಅದೂ ಬುಡದಲ್ಲಿ ಮೆತ್ತಗೆ, ಒತ್ತಿದರೆ ಬೆರಳು ಒಳಗೆ ಹೋಗುತ್ತದೆ. ಹಳದಿ ಎಲೆಗಳಿದ್ದವು, ಇದ್ದವು, ಬೆಳಿಗ್ಗೆ ಒಂದೆರಡು ಕಂಡರೆ ಕಿತ್ತು ಚೀಲಕ್ಕೆ ಹಾಕಿಕೊಂಡು ಹೋಗಿ ಅಂಗಡಿಯ ಬುಟ್ಟಿಗೆ ಹಾಕುತ್ತಿದ್ದೆ, ಮನೆಯ ಬುಟ್ಟಿಯಲ್ಲಿ ಅಕ್ಕ ನೋಡಬಾರದಲ್ಲ, ದಿನಕ್ಕೆ ಒಂದೆರಡು, ಅಷ್ಟು ಎಲ್ಲ ಗಿಡಕ್ಕೂ ಇದ್ದದ್ದೇ — ಆದರೆ ಒಂದೆರಡು ಎಲೆಗೆ ಇಷ್ಟು ಬೋಳಾಗುವುದುಂಟೆ, ಈಗ ನೋಡಿದರೆ ಎಲ್ಲ ತೆಳ್ಳಗೆ ಕಾಣುತ್ತಿವೆ, ಯಾರೋ ಬಾಚಿದ ಹಾಗೆ. ಬಚ್ಚಲಲ್ಲಿ ನೀರಿನ ಸದ್ದು ನಿಂತಿತು. ಅಕ್ಕ. ನಾನು ಬೆಳಿಗ್ಗೆ ಎಂದಿನ ಹೊತ್ತಿಗೇ ಹೊರಟಿದ್ದೆ, ಔಷಧಿ, ಬ್ರೆಡ್ಡು ತರಲು, ತಂದು ಸದ್ದಿಲ್ಲದೆ ಒಳಗೆ ಬಂದಿದ್ದೆ, ಅವಳ ಪಾಲಿಗೆ ನಾನು ಅಂಗಡಿಯಲ್ಲಿದ್ದೇನೆ. ಇವತ್ತು ನನಗೆ ರಜೆ ಅಂತ ಅವಳಿಗೆ ಗೊತ್ತಿಲ್ಲ. ಅಮ್ಮ ಹೇಳಿದ್ದಳು, ನೀನೊಬ್ಬಳು ಮನೇಲಿದ್ರೆ ಸಾಕು ಕಣೇ, ಅವಳಿಗೆ ಯಾಕೆ ತೊಂದರೆ.

ತಲೆಗೆ ಟವೆಲ್ ಸುತ್ತಿಕೊಂಡು ಬಂದಳು, ಕೈಯಲ್ಲಿ ಬಚ್ಚಲಿನ ನೀಲಿ ಮಗ್ಗು, ತುಂಬಿ ತುಳುಕುವಷ್ಟು, ಸೋಫಾದ ಈಚೆಯ ನನ್ನನ್ನು ನೋಡಲಿಲ್ಲ, ಕಿಟಕಿಯ ಆ ತುದಿಯ ಕುಂಡದ ಹತ್ತಿರ ಬಗ್ಗಿದಳು, ಕುಡಿಯಪ್ಪಾ ಕುಡಿ, ಇವತ್ತು ನಿಮ್ಮಮ್ಮ ಬರ್ತಾಳೆ, ಆಮೇಲೆ ನನ್ನ ತಲೆನೋವು ಮುಗೀತು ಅಂತ ಗಿಡಕ್ಕೆ ಹೇಳಿಕೊಂಡು ಸುರಿದಳು, ಫಿಲೊಡೆಂಡ್ರಾನಿನ ಬುಡಕ್ಕೆ, ಗಳಗಳ ಸದ್ದಿನೊಂದಿಗೆ, ಆಮೇಲೆ ಒಂದು ಹಳದಿ ಎಲೆ ಕಿತ್ತು ಮಡಿಚಿ ನೈಟಿಯ ಜೇಬಿಗೆ ಹಾಕಿಕೊಂಡಳು. ಜೇಬಿಗೆ. ಎಷ್ಟು ಅಭ್ಯಾಸದ ಕೈ. ನಾನು ಎದ್ದೆ. ಏನ್ ಮಾಡ್ತಿದ್ದೀಯ ಅಂದೆ — ತಿಂಗಳುಗಳ ಮೇಲೆ ಮೊದಲ ಮಾತು — ಅವಳು ಹೌಹಾರಿ ಮಗ್ಗು ಕೈಬಿಟ್ಟಳು, ಅಯ್ಯೋ ನಿನ್ನ, ದೆವ್ವದ ಹಾಗೆ ಎಲ್ಲಿಂದ ಎದ್ದೆ ಅಂದಳು. ದಿನಾ ಹಾಕ್ತೀಯಾ ಅಂದೆ. ಏನು. ನೀರು, ದಿನಾ ಹಾಕ್ತೀಯಾ ಮೇಲಿಂದ. ಹಾಕ್ತೀನಿ, ಏನೀಗ, ನಿನ್ನ ಡಬ್ಬ ನಂಬ್ಕೊಂಡು ಗಿಡ ಸಾಯಿಸಬೇಕಿತ್ತಾ, ದಿನಕ್ಕೊಂದು ಕುಂಡಕ್ಕೆ ಮಗ್ಗು ತುಂಬಾ ಹಾಕಿದ್ದಕ್ಕೆ ಬದುಕಿವೆ, ಥ್ಯಾಂಕ್ಸ್ ಹೇಳು. ಬದುಕಿವೆಯಾ ಅಂದೆ. ಇಲ್ಲಿ ಬಾ ಅಂದೆ. ಬಂದಳು, ಚಾದರ ನೋಡಿದಳು, ಮಲಗಿಸಿದ್ದ ಗಿಡಗಳನ್ನು ನೋಡಿದಳು, ಬಾಯಿ ಅರ್ಧ ತೆರೆದು ನಿಂತಳು, ಅವಳ ಡಾಕ್ಟರು ಆ ಅನ್ನಿ ಅಂದ ಹಾಗೆ. ಯಾಕೆ ಕಿತ್ತೆ ಎಲ್ಲಾನೂ ಅಂದಳು. ನಾನು ಕಿತ್ತಿದ್ದಲ್ಲ, ಅವೇ ಬಂದಿದ್ದು, ಕೊಳೆತಿವೆ, ಬೇರು ಸಮೇತ ಕೊಳೆತಿವೆ, ಕೆಳಗೆ ತೊಟ್ಟಿ ತುಂಬಾ ನೀರು, ಮೇಲಿಂದ ನಿನ್ನ ಮಗ್ಗು, ಗಿಡ ಏನು ಮೀನಾ ಅಂದೆ, ವಾರದಿಂದ ನಾತ ಹೊಡೀತಿದೆ, ಮನುಷ್ಯರಾಗಿದ್ದರೆ ಗೊತ್ತಾಗ್ತಿತ್ತು ಅಂದೆ. ಅವಳ ಮುಖ ಒಂದು ಸಲ ಮುಚ್ಚಿಕೊಂಡಿತು. ನಿನಗೆ ಗೊತ್ತಾಯ್ತಲ್ಲ, ನೀನ್ಯಾಕೆ ವಾರ ಸುಮ್ಮನಿದ್ದೆ ಅಂದಳು. ಯಾರು ಹೇಳಿದ್ರು ನಿನಗೆ ಹಾಕು ಅಂತ, ಯಾರು ಹೇಳಿದ್ರು ಅಂತ ಕಿರುಚಿದೆ. ಅಮ್ಮ ಅಂದಳು.

ಅಮ್ಮ. ಅಕ್ಕ ನೆಲಕ್ಕೆ ಕೂತಳು, ಟವೆಲ್ ಬಿಚ್ಚಿಕೊಂಡು ಭುಜದ ಮೇಲೆ ಬಿತ್ತು, ಒದ್ದೆ ಕೂದಲು, ನೀನು ಈ ಡಬ್ಬ ತಂದ ವಾರವೇ ಹೇಳಿದಳು, ಕ್ಲಿನಿಕ್ಕಿಗೆ ಹೊರಡೋ ಮುಂಚೆ ದಿನಕ್ಕೊಂದು ಕುಂಡಕ್ಕೆ ಒಂದು ಮಗ್ಗು ಹಾಕಿಬಿಡು ದೊಡ್ಡೋಳೇ, ಚಿಕ್ಕೋಳು ಮಷೀನು ಪುಸ್ತಕ ಅಂತ ಕುಣೀತಾಳೆ, ಗಿಡದ ಮನಸ್ಸು ಅವಳಿಗೆ ಗೊತ್ತಾಗಲ್ಲ, ನಿನ್ನ ಕೈ ಗುಣ ನನ್ನದೇ, ನಾನು ಹೀಗಂದೆ ಅಂತ ಅವಳಿಗೆ ಹೇಳಬೇಡ, ಸುಮ್ಮನೆ ನೊಂದ್ಕೋತಾಳೆ — ಅಕ್ಕ ಅಮ್ಮನ ದನಿಯಲ್ಲೇ ಹೇಳಿದಳು, ಆ ಉಸಿರು ಬಿಡುವುದು, ಆ ಸುಮ್ಮನೆ ಅನ್ನುವಾಗಿನ ರಾಗ, ಆ ರಾಗ ನನ್ನದು, ನನ್ನ ಕಿವಿಗೆ ಬಿದ್ದದ್ದು, ನನಗೊಬ್ಬಳಿಗೇ ಅಂತ ಇಟ್ಟುಕೊಂಡದ್ದು. ನನಗೂ ಹೇಳಿದಳು ಅಂದೆ. ಏನಂತ. ನಿನ್ನ ಕೈಗೆ ಕೊಡಬೇಡ ಅಂತ, ನಿನ್ನ ಕೈ ಗಿಡಕ್ಕೆ ಆಗಲ್ಲ ಅಂತ. ಅಕ್ಕ ನಕ್ಕಳು, ಈ ಸಲ ಎರಡೂ ಕಡೆಯ ಹಲ್ಲು ಕಂಡವು, ನಗು ಅಲ್ಲ ಅದು. ಮೂವತ್ತು ವರ್ಷ ಎಕ್ಸ್‌ಚೇಂಜಿನಲ್ಲಿ ಅವರ ತಂತಿ ಇವರಿಗೆ ಚುಚ್ಚಿದವಳಲ್ಲವಾ ಅಂದಳು. ನಿನಗೂ ಇವತ್ತು ರಜೆ ಹಾಕು ನೀನೊಬ್ಬಳು ಸಾಕು ಅಂದಳಾ ಅಂತ ಕೇಳಿದೆ. ಹೂಂ, ಅವಳಿಗೆ ಅಂಗಡೀಲಿ ಕೆಲಸ ಇರತ್ತೆ ಪಾಪ ಅಂದಳು. ಪಾಪ ಅಂದಳಾ. ಪಾಪ ಅಂದಳು. ಇಬ್ಬರೂ ಚಾದರದ ಮೇಲೆ ಎದುರುಬದುರು, ನಡುವೆ ಕೊಳೆತ ಗಿಡಗಳು, ಅಕ್ಕ ಒಂದು ಬೇರು ಹಿಡಿದಳು, ಸಿಪ್ಪೆ ಜಾರಿತು, ದಾರ ಉಳಿಯಿತು, ಹಲ್ಲಿನ ನರ ಹೀಗೇ ಇರತ್ತೆ ಅಂದಳು, ಸತ್ತ ಮೇಲೆ ಹೀಗೇ ಎಳೆದು ತೆಗೀತಾರೆ ಡಾಕ್ಟ್ರು. ಅದನ್ನು ಮೂಗಿನ ಹತ್ತಿರ ಹಿಡಿದಳು, ಸುಮ್ಮನೆ, ಅಭ್ಯಾಸಕ್ಕೆ, ಆಮೇಲೆ ಕೇಳಿದಳು, ಹೇಗಿದೆ ವಾಸನೆ. ಈ ಪ್ರಶ್ನೆ ನಾವು ಚಿಕ್ಕವರಿದ್ದಾಗ ಕೇಳುತ್ತಿದ್ದಳು, ಎಲ್ಲದಕ್ಕೂ, ಪೆಟ್ರೋಲು ಹೇಗಿದೆ, ಹೊಸ ಪುಸ್ತಕ ಹೇಗಿದೆ, ನಾನು ಸುಳ್ಳು ಸುಳ್ಳೇ ಹೇಳುತ್ತಿದ್ದೆ, ಪೆಟ್ರೋಲು ಸಿಹಿ, ಪುಸ್ತಕ ಉಪ್ಪು. ನಿನ್ನ ಕ್ಲಿನಿಕ್ಕಿನ ಹಾಗಿದೆ ಅಂದೆ. ಥೂ ನಿನ್ನ ಅಂದಳು, ಆದರೆ ಎದ್ದು ಹೋಗಲಿಲ್ಲ.

ನರ್ಸರಿಗೆ ಹೋಗಿ ಇಂಥವೇ ತರೋಣ ಅಂದಳು, ಆಟೋ ಹಿಡಿದರೆ ಒಂದು ಗಂಟೆ. ಅಮ್ಮನಿಗೆ ಎಲೆ ಎಲೆಯ ಗುರುತಿದೆ, ನನ್ನ ಬೆನ್ನ ಮೇಲಿನ ಮಚ್ಚೆ ಎಲ್ಲಿದೆ ಕೇಳು ಗೊತ್ತಿಲ್ಲ, ಮಾನ್‌ಸ್ಟೆರಾದ ಯಾವ ಎಲೆಗೆ ಎಷ್ಟು ತೂತು ಕೇಳು ಹೇಳ್ತಾಳೆ ಅಂದೆ. ಗಟ್ಟಿ ಇರುವ ಕಡೆ ಕತ್ತರಿಸಿ ನೀರಲ್ಲಿಟ್ಟರೆ ಬೇರು ಬರಲ್ವಾ ಅಂದಳು, ಕತ್ತರಿ ತಂದೆ, ಕತ್ತರಿಸಿದೆ, ಒಳಗೆ ಕಂದು, ಇನ್ನೂ ಮೇಲೆ ಕತ್ತರಿಸಿದೆ, ಅಲ್ಲೂ ಕಂದು, ಕಾಂಡ ಮುಗಿಯಿತು, ಕೈಯಲ್ಲಿ ಎಲೆ. ಒಂದೊಂದಾಗಿ ಉಳಿದ ಕುಂಡಗಳನ್ನೂ ನೋಡಿದೆವು, ಒಂದಾದರೂ ಬಿಗಿಯಾಗಿ ಕೂತಿರಬಹುದು ಅಂತ, ಅಕ್ಕ ಪ್ರತಿಯೊಂದಕ್ಕೂ ಕೈ ಹಾಕುವ ಮೊದಲು ಉಸಿರು ಹಿಡಿಯುತ್ತಿದ್ದಳು, ವಾಸನೆ ಬಾರದವಳು ಉಸಿರು ಯಾಕೆ ಹಿಡಿಯಬೇಕು. ಕೊನೆಗೆ ಅವಳೇ ಅಂದಳು, ವಾಪಸ್ ನೆಡೋಣ, ಮಣ್ಣು ಒತ್ತಿ ನಿಲ್ಲಿಸೋಣ, ಎಲೆ ಇನ್ನೂ ಹಸಿರಿದೆ, ಇವತ್ತೊಂದು ದಿನ ನಿಂತಿರಲಿ, ಮನೆಗೆ ಬಂದ ದಿನವೇ ಬೇಡ, ನಾಳೆ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಕೂತು ಹೇಳೋಣ, ನೀನೇ ನನಗೆ ಹೀಗಂದೆ ಇವಳಿಗೆ ಹಾಗಂದೆ ಅಂತ, ಒಟ್ಟಿಗೆ ಹೇಳೋಣ, ಒಬ್ಬಳೇ ಹೇಳಿದರೆ ತಪ್ಪಿಸ್ಕೋತಾಳೆ, ನಿನಗೆ ಗೊತ್ತಲ್ಲ, ಏನಂತೀಯ. ಹೂಂ ಅಂದೆ. ಹೂಂ ಅಂದರೆ ಆಣೆ ಇಡು ಅಂದಳು. ಹೂಂ ಅಂದೆನಲ್ಲ ಅಂದೆ. ಅವಳು ಗಿಡ ಹಿಡಿದಳು, ನಾನು ಮಣ್ಣು ಒತ್ತಿದೆ, ಅವಳ ಕೈ ನನ್ನ ಕೈ ಮಣ್ಣಲ್ಲಿ ಒಂದಕ್ಕೊಂದು ತಾಗಿದವು, ಯಾರೂ ತೆಗೆಯಲಿಲ್ಲ, ಬೇರಿಲ್ಲದ ಗಿಡಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿದೆವು, ಅವಳು ಒದ್ದೆ ಟವೆಲಿನಲ್ಲಿ ಎಲೆ ಒರೆಸಿದಳು, ಮೇಲೆ ಕೆಳಗೆ, ದೂರದಿಂದ ನೋಡಿದರೆ ಏನೂ ಆಗಿಲ್ಲ, ದೂರದಿಂದ ನೋಡಿದರೆ ಮೊದಲಿಗಿಂತ ಚೆನ್ನಾಗಿವೆ, ನಾವಿಬ್ಬರೂ ಹಜಾರದ ಬಾಗಿಲಲ್ಲಿ ನಿಂತು ನೋಡಿದೆವು, ಅಕ್ಕ ಅಂದಳು, ಬೊಂಬೆ ಮದುವೆ ಥರ ಇದೆ. ನನಗೆ ನಗು ಬಂತು. ಆ ಹೊತ್ತಿಗೇ ಲಿಫ್ಟಿನ ಬಾಗಿಲು ಸದ್ದಾಯಿತು, ನಾಲ್ಕಾಗಿರಲಿಲ್ಲ, ನಾಲ್ಕಕ್ಕೆ ಬಹಳ ಮುಂಚೆ.

ಡ್ರೈವರು ಚೀಲ ಇಟ್ಟು ಹೋದ. ಅಮ್ಮ ವಾಕರ್ ಹಿಡಿದು ಹೊಸಿಲು ದಾಟಿದಳು, ಸಣ್ಣಗಾಗಿದ್ದಾಳೆ, ಕೂದಲು ಪೂರ್ತಿ ಬಿಳಿ, ನಾವಿಬ್ಬರೂ ಒಟ್ಟಿಗೆ ನಿಂತದ್ದನ್ನು ನೋಡಿ ಒಂದು ಕ್ಷಣ ತಡೆದಳು, ಇಬ್ಬರೂ ಇದ್ದೀರಾ ಅಂದಳು, ಸಂತೋಷದ ದನಿಯಲ್ಲ ಅದು, ಲೆಕ್ಕ ತಪ್ಪಿದವಳ ದನಿ, ಆಮೇಲೆ ಕುರ್ಚಿಯ ಕಡೆ ಬರಲಿಲ್ಲ, ಕಿಟಕಿಗೆ ಹೋದಳು, ವಾಕರ್ ಟಕ್ ಟಕ್, ಅಮ್ಮಾ ಮೊದಲು ಕೂತ್ಕೋ ಅಂತ ಅಕ್ಕ ಹಿಂದೆ ಓಡಿದಳು, ಅಮ್ಮ ಆಂಥೂರಿಯಂ ಕಾಂಡ ಮುಟ್ಟಿದಳು, ಪ್ರೀತಿಯಿಂದ, ಗಲ್ಲ ಹಿಡಿದು ಎತ್ತಿದ ಹಾಗೆ ಸ್ವಲ್ಪ ಎತ್ತಿದಳು, ಗಿಡ ಪೂರ್ತಿ ಅವಳ ಕೈಗೆ ಬಂತು. ಕೆಳಗೆ ಒಂದು ದಾರ ತೂಗಾಡುತ್ತಿತ್ತು. ಅಮ್ಮ ಅದನ್ನೇ ನೋಡಿದಳು. ಯಾರು ಮಾಡಿದ್ದು ಅಂದಳು. ಅಕ್ಕ ನನ್ನ ಕಡೆ ನೋಡಿದಳು, ನಾಳೆ ಅಂದದ್ದು ಈಗಲೇ ಬಂತು ಅನ್ನುವ ಹಾಗೆ, ಆಮೇಲೆ ಹೇಳಿದಳು, ನೀನೇ ಅಮ್ಮಾ, ನನಗೆ ಮೇಲಿಂದ ನೀರು ಹಾಕು ಅಂದೆ, ಅವಳಿಗೆ ಹೇಳಬೇಡ ಅಂದೆ, ಅವಳಿಗೆ ನನ್ನ ಕೈಗೆ ಕೊಡಬೇಡ ಅಂದೆ, ಇಬ್ಬರಿಗೂ ನೀನೇ ಹೇಳಿದ್ದು. ನಾನೆಲ್ಲಿ ಹಾಗಂದೆ ಅಂದಳು ಅಮ್ಮ, ಒಣಗಿದ್ದರೆ ಒಂಚೂರು ಚಿಮುಕಿಸು ಅಂದಿರಬಹುದು, ಮಗ್ಗುಗಟ್ಟಲೆ ಸುರಿ ಅಂದ್ನಾ, ಕೇಳು ಚಿಕ್ಕೋಳನ್ನ, ಅವಳಿಗೆ ನಿನ್ನ ಮೇಲೆ ನಾನು ಯಾವತ್ತಾದರೂ ಒಂದು ಮಾತು ಹೇಳಿದ್ದೀನಾ ಕೇಳು. ಇಬ್ಬರೂ ನನ್ನನ್ನು ನೋಡಿದರು. ಅಕ್ಕನ ಬೆರಳುಗಳಲ್ಲಿ ಇನ್ನೂ ಮಣ್ಣಿತ್ತು. ಹೇಳುವುದು ಒಂದೇ ಮಾತು, ನೀನು ಹೇಳಿದ್ದೀಯ ಅಮ್ಮಾ, ಅಷ್ಟೇ, ಬಾಯಿ ತೆರೆದೆ, ತೆರೆದ ಬಾಯಿಂದ ಬಂದದ್ದು, ನನ್ನ ಕುಂಡದಲ್ಲಿ ಏನೂ ತಪ್ಪಿಲ್ಲ. ಸುಳ್ಳಲ್ಲ ಅದು. ಕುಂಡದಲ್ಲಿ ತಪ್ಪಿರಲಿಲ್ಲ, ಮೇಲಿಂದ ಯಾರೂ ಸುರಿಯದಿದ್ದರೆ ಕಡ್ಡಿ ಇಳಿಯುತ್ತಿತ್ತು, ಚೀಟಿಯಲ್ಲಿ ಬರೆದಿತ್ತು, ಯಾರು ಬೇಕಾದರೂ ಓದಬಹುದು. ಅಕ್ಕ ಟವೆಲನ್ನು ನೆಲದಿಂದ ಎತ್ತಿಕೊಂಡು ತನ್ನ ಕೋಣೆಗೆ ಹೋದಳು, ಬಾಗಿಲು ಹಾಕಿದಳು, ಜೋರಾಗಿ ಅಲ್ಲ, ಚಿಲಕದ ಸದ್ದು ಮಾತ್ರ ಕೇಳಿತು, ಅವಳು ಚಿಲಕ ಹಾಕಿಕೊಳ್ಳುವುದು ಹೊಸದು.

ಅಮ್ಮನನ್ನು ಕುರ್ಚಿಗೆ ಕೂರಿಸಿದೆ. ಗಿಡ ಬಿಡಲಿಲ್ಲ ಅವಳು, ಇನ್ನೊಂದು ಕೈಯಲ್ಲಿ ನನ್ನ ಮಣಿಕಟ್ಟು ಹಿಡಿದಳು, ಕೈ ಬಿಸಿಯಿತ್ತು, ಹತ್ತಿರ ಎಳೆದಳು, ನಾನು ಮೊದಲೇ ಹೇಳಿರಲಿಲ್ವಾ ಚಿಕ್ಕೋಳೇ ಅಂತ ಉಸಿರಲ್ಲೇ ಅಂದಳು, ಅವಳ ಕೈಗೆ ಕೊಡಬೇಡ ಅಂತ ಬಡ್ಕೊಂಡೆ, ಆಯ್ತು ಬಿಡು, ನೀನು ನೊಂದ್ಕೋಬೇಡ — ಅಷ್ಟು ಹೇಳಿ ಮುಚ್ಚಿದ ಬಾಗಿಲಿನ ಕಡೆ ನೋಡಿದಳು, ನನಗೆ ಗೊತ್ತಾಯಿತು, ನಾನು ಟೀ ಇಡಲು ಒಳಗೆ ಹೋಗುವುದನ್ನು ಕಾಯುತ್ತಿದ್ದಾಳೆ, ಹೋದ ಕೂಡಲೇ ಆ ಬಾಗಿಲು ತಟ್ಟುತ್ತಾಳೆ, ದೊಡ್ಡೋಳೇ, ಆ ಡಬ್ಬಗಳಿಂದಲೇ ಆದದ್ದು ಇದೆಲ್ಲ, ಅವಳಿಗೆ ಹೇಳಬೇಡ, ಸುಮ್ಮನೆ — ಗೊತ್ತಿದ್ದೂ ನಾನು ಕೈ ಬಿಡಿಸಿಕೊಳ್ಳಲಿಲ್ಲ, ನೀನು ನೊಂದ್ಕೋಬೇಡ ಅಂದಳಲ್ಲ, ಇಷ್ಟು ವರ್ಷದಲ್ಲಿ ಎಲೆಗಳ ಮುಂದೆ ಒಮ್ಮೆಯೂ ಅನ್ನದ್ದು, ಹೋಗಬೇಕು, ಟೀ ಇಡಬೇಕು, ಹೋಗುತ್ತಿಲ್ಲ.

ಅವಳ ಬೆರಳುಗಳ ನಡುವಿನಿಂದ ದಾರ ತೂಗುತ್ತಿದೆ, ಫ್ಯಾನಿನ ಗಾಳಿಗೆ ಒಂದು ಕಡೆಗೆ, ಮತ್ತೆ ಇನ್ನೊಂದು ಕಡೆಗೆ, ಸಿಪ್ಪೆಯಿಲ್ಲ, ದಾರ. ಸತ್ತವನ್ನು ಎಣಿಸುತ್ತಿದ್ದೇನೆ. ಆಂಥೂರಿಯಂ ನಾಲ್ಕು. ಕ್ಯಾಲಥಿಯಾ ಮೂರು. ಫಿಲೊಡೆಂಡ್ರಾನ್ ಎರಡು. ಪೀಸ್ ಲಿಲಿ ಒಂದು. ಮಾನ್‌ಸ್ಟೆರಾ ಒಂದು.